ಮುದಲಾಳಿ ಬೇಡವೆಂದ ಪ್ರಶ್ನೆ

ಬಿಳಿ ಚೂರೊಂದು ತನ್ನಷ್ಟಕ್ಕೆ ತಾನೇ ನೆಲದ ಮೇಲೆ ನಡೆಯುತ್ತಿದೆ, ಅಕ್ಕಿಯ ನುಚ್ಚಿನಷ್ಟಿದೆ, ಬೆಂಚ್ ಗುಮಾಸ್ತರ ಮೇಜಿನ ಕಾಲನ್ನು ಬಳಸಿಕೊಂಡು, ಕೆಂಪು ಗಾರೆಯ ಬಿರುಕನ್ನು ಹಿಡಿದು, ಒಂದು ಕ್ಷಣ ನಿಂತು, ಮತ್ತೆ ಹೊರಟು — ಜಲಜಾ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ ನೋಡಿದಾಗ ಮಾತ್ರ ಅದರಡಿಯ ಇರುವೆಗಳು ಕಂಡವು, ಸಾಲು ಬರುತ್ತಿರುವುದು ಕಬ್ಬಿಣದ ಬೀರುವಿನ ಸಂದಿನಿಂದ, ಆ ಬೀರುವಿನಲ್ಲಿ ತಿನ್ನುವಂಥದ್ದು ಏನಿದೆ, ಕಾಗದ, ಮತ್ತೆ ಕಾಗದ, ಯಾವುದೋ ಕೇಸಿನ ಮುರಿದ ಹಲ್ಲುಚಕ್ರ, ಯಾರದೋ ಬೂಟು, ಮತ್ತು ತನ್ನ ಕೇಸಿನ ಪೊಟ್ಟಣ, ಅರಗಿನ ಮುದ್ರೆ ಒತ್ತಿದ ಬಟ್ಟೆಯ ಪೊಟ್ಟಣ, ಅದರೊಳಗಿನ ಗೋಡಂಬಿ — ಮುದ್ರೆ ಸರಿಯಾಗಿದ್ದರೆ ಇರುವೆಗೆ ದಾರಿ ಎಲ್ಲಿಂದ, ಯಾರಾದರೂ ಬಿಚ್ಚಿ ನೋಡಿದರೇ, ಛೆ, ಇರುವೆಗೆ ಬಟ್ಟೆಯ ನೇಯ್ಗೆಯೇ ಬಾಗಿಲು, ಎಲ್ಲದರಲ್ಲೂ ಕೈವಾಡ ಹುಡುಕಬಾರದು, ಆದರೆ ಇವತ್ತು ಹುಡುಕದೆ ಇರುವುದು ಹೇಗೆ, ಬೆಳಿಗ್ಗೆ ಸೀರೆಯ ನೆರಿಗೆ ಹಿಡಿದಿದ್ದಾಗ ಬಂದ ಆ ಫೋನಿನ ನಂತರ, ಪ್ರತಾಪನ್ ಮುದಲಾಳಿಯ ಫೋನು, ಕೊಲ್ಲಂ ಸುತ್ತಮುತ್ತ ಆರು ಗೋಡಂಬಿ ಕಾರ್ಖಾನೆಗಳ ಯಜಮಾನ, ತನ್ನ ಕಕ್ಷಿದಾರ, ಬಿಸಿಲೇರುವ ಮುಂಚೆ ಎಂದೂ ಬಾಯಿ ಬಿಟ್ಟವನಲ್ಲ, ಮೇಡಂ ಇವತ್ತು ಆ ಓಮನಳ ಪಾಟಿ ಸವಾಲು ಅಲ್ವಾ, ಹೌದು, ಒಂದು ವಿಷಯ, ಆ ಪ್ರಶ್ನೆ ಬೇಡ, ಯಾವ ಪ್ರಶ್ನೆ, ಅದೇ ನೀವು ಕೊನೇಲಿ ಎಲ್ಲರನ್ನೂ ಕೇಳ್ತೀರಲ್ಲ, ಈಗ ಎಲ್ಲಿ ಕೆಲಸ ಮಾಡ್ತಿದ್ದೀಯಾ ಅಂತ, ಅದು ಬೇಡ. ಯಾಕೆ. ಯಾಕೂ ಇಲ್ಲ ಮೇಡಂ, ಪಾಪ, ಗಂಡ ಇಲ್ಲದ ಹೆಂಗಸು, ಎಲ್ಲೋ ಏನೋ ಮಾಡ್ಕೊಂಡು ಹೊಟ್ಟೆ ಹೊರ್ಕೊಳ್ತಿದ್ರೆ ಹೊರ್ಕೊಳ್ಲಿ, ಕೆದಕೋದು ಬೇಡ. ಪಾಪ ಎಂಬ ಮಾತು, ಆ ಬಾಯಿಂದ. ಹುಲಿ ಹುಲ್ಲು ಮೇಯ್ದ ಸುದ್ದಿ ಕೇಳಿದ ಹಾಗಾಯಿತು, ನೆರಿಗೆ ಬೆರಳಿನಿಂದ ಜಾರಿತು, ಮತ್ತೆ ಮೊದಲಿಂದ ಹಿಡಿಯಬೇಕಾಯಿತು.

ಆ ಪ್ರಶ್ನೆ ಇಲ್ಲದೆ ಅವಳು ಯಾವ ಕಾರ್ಮಿಕನ ಪಾಟಿ ಸವಾಲನ್ನೂ ಮುಗಿಸಿಲ್ಲ, ಹೆಂಚಿನ ಕಾರ್ಖಾನೆಯವರನ್ನು ಕೇಳಿದ್ದಾಳೆ, ತೆಂಗಿನ ನಾರಿನ ಸೊಸೈಟಿಯವರನ್ನು, ಖಾಸಗಿ ಬಸ್ಸಿನ ಕಂಡಕ್ಟರುಗಳನ್ನು, ಕೆಲಸ ಕಳೆದುಕೊಂಡವನು ಬೇರೆಲ್ಲೋ ದುಡಿಯುತ್ತಿದ್ದಾನೆ ಎಂದು ತೋರಿಸಿಬಿಟ್ಟರೆ ಹಿಂದಿನ ವರ್ಷಗಳ ಸಂಬಳದ ಬೇಡಿಕೆ ಅಲ್ಲಿಗೇ ಕುಸಿಯುತ್ತದೆ, ಕೊನೆಯ ಮೊಳೆ ಅದು, ಉಣ್ಣಿತ್ತಾನ್ ಸಾರ್ ಕಲಿಸಿದ್ದು, ಅವರ ಆಫೀಸಿನಲ್ಲಿ ಅವಳು ಕರಿಕೋಟು ಹೊಸದಾಗಿ ಹಾಕಿದ್ದ ಕಾಲ, ಜಲಜೇ, ಉತ್ತರ ಜೇಬಲ್ಲಿ ಇಟ್ಕೊಂಡು ಪ್ರಶ್ನೆ ಕೇಳು, ಪ್ರಶ್ನೆ ಕೇಳಿ ಆಮೇಲೆ ಉತ್ತರ ಹುಡುಕೋಳು ವಕೀಲೆ ಅಲ್ಲ, ಪಕ್ಕದ ಮನೆಯೋಳು. ಇನ್ನೊಂದು ಹೇಳುತ್ತಿದ್ದರು, ಕಕ್ಷಿದಾರ ಸುಳ್ಳು ಹೇಳಿದ್ರೆ ಹೆದರ್ಬೇಡ, ಅದು ಅವನ ಆರೋಗ್ಯದ ಲಕ್ಷಣ, ಕನಿಕರ ತೋರಿಸಿದ್ರೆ ಮಾತ್ರ ಎರಡು ಸಲ ಯೋಚನೆ ಮಾಡು. ಇದೇ ಪ್ರತಾಪನ್ ಅಲ್ಲವೇ ಲಾರಿ ಡ್ರೈವರನ ಕೇಸಿನಲ್ಲಿ ಆ ಮುದುಕನ ಹಿಂದೆ ಆಳು ಬಿಟ್ಟು, ಅವನು ಅಳಿಯನ ಆಟೋ ಓಡಿಸುತ್ತಿರುವ ಫೋಟೋ ತೆಗೆಸಿ, ತನ್ನ ಮೇಜಿನ ಮೇಲೆ ಇಸ್ಪೀಟು ಎಲೆಯ ಹಾಗೆ ಹರಡಿ ನಕ್ಕವನು, ನೋಡಿ ಮೇಡಂ ಸೊಂಟ ನೋವು ಅಂದೋನು ಹೆಂಗೆ ಹಾರನ್ ಹೊಡೀತಿದಾನೆ. ಆ ಪ್ರತಾಪನ್‌ಗೆ ಓಮನಳ ಮೇಲೆ ಪಾಪ ಹುಟ್ಟಿದ್ದು ಯಾವಾಗ, ಹುಟ್ಟಿದ್ದರೆ ಯಾರು ಹುಟ್ಟಿಸಿದರು, ಬೆನ್ಸಿಗರ್ ಇರಬಹುದೇ, ಅಗೋ ಆಚೆ ಬದಿಯಲ್ಲಿ ಕೂತಿದ್ದಾನೆ, ಯೂನಿಯನ್ ಪರ ವಕೀಲ, ಇಷ್ಟು ವರ್ಷಗಳಿಂದ ಎದುರು ಕುರ್ಚಿ, ಒಂದೇ ಕೋಟು, ಒಂದೇ ಕೆಮ್ಮು, ಬಾಯಲ್ಲಿ ಏಲಕ್ಕಿ, ತನ್ನ ಕಡೆ ನೋಡಿ ತಲೆ ಬಾಗಿಸಿದ, ಏನು ಚೇಚಿ, ಎಂದು ಎಂದಿನಂತೆ ಅಕ್ಕನನ್ನು ಕರೆಯುವ ಹಾಗೆ, ಊಟಕ್ಕೆ ಮುಂಚೆ ಮುಗಿಸ್ತೀರಾ. ಅಷ್ಟು ಹಗುರವಾಗಿ ಯಾಕೆ ಕೇಳಿದ. ಮುಗಿಯುವ ಹೊತ್ತು ಇವನಿಗೆ ಯಾಕೆ ಬೇಕು. ಕಳೆದ ತಿಂಗಳು ಮದುವೆಯೊಂದರಲ್ಲಿ ಇವನೂ ಪ್ರತಾಪನ್ನೂ ಒಂದೇ ಸಾಲಿನಲ್ಲಿ ಎಲೆಯ ಮುಂದೆ ಕೂತಿದ್ದರು, ಅವಳೇ ನೋಡಿದ್ದಳು, ಪಾಯಸ ಬಡಿಸುವಾಗ ಇಬ್ಬರೂ ಒಟ್ಟಿಗೆ ನಕ್ಕಿದ್ದರು, ನಕ್ಕರೆ ಏನಾಯಿತು, ಊರು ಚಿಕ್ಕದು, ಆದರೆ ತನ್ನ ಬೆನ್ನ ಹಿಂದೆ ರಾಜಿ ಮಾಡಿಕೊಂಡು ತನ್ನನ್ನು ಬೊಂಬೆಯ ಹಾಗೆ ನಿಲ್ಲಿಸಿದ್ದಾರೆಯೇ, ಇಲ್ಲ, ರಾಜಿಯಾದರೆ ಕೇಸೇ ಇರುತ್ತಿರಲಿಲ್ಲ, ರಾಜಿಗೆ ಅಡ್ಡ ನಿಂತಿರುವುದು ಆ ಹೆಂಗಸೇ, ಬೀಜ ಕದ್ದಳೆಂದು ಕಾರ್ಖಾನೆಯಿಂದ ತೆಗೆದ ಓಮನ, ದುಡ್ಡು ಬೇಡ, ಕಳ್ಳಿ ಅಂತ ಬರೆದಿದ್ದನ್ನ ಅಳಿಸ್ಲಿ, ಮೂವತ್ತು ವರ್ಷ ಕೂತ ಜಾಗದಲ್ಲೇ ಮತ್ತೆ ಕೂರಿಸ್ಲಿ, ಒಂದು ದಿನ ಆದ್ರೂ ಸರಿ, ಎಂದು ಸಂಧಾನದ ಸಭೆಯಲ್ಲಿ ಹೇಳಿ ಎದ್ದುಹೋದವಳು, ಒಂದು ದಿನಕ್ಕಾಗಿ ನಾಲ್ಕು ವರ್ಷ ಅಲೆಯುವವರು ಯಾರಿದ್ದಾರೆ, ಇದ್ದರೆ ಅವರ ಹಿಂದೆ ಯಾರೋ ಇರಬೇಕು.

ನ್ಯಾಯಾಧೀಶರು ಇನ್ನೂ ಹಿಂದಿನ ಕೇಸಿನ ಆದೇಶ ಹೇಳಿ ಬರೆಸುತ್ತಿದ್ದಾರೆ, ವಯನಾಡಿನವರು, ಇಲ್ಲಿಗೆ ಹೊಸಬರು, ಕಾಫಿ ಗೊತ್ತು, ಮೆಣಸು ಗೊತ್ತು, ಗೋಡಂಬಿ ಗೊತ್ತಿಲ್ಲ, ಕಳೆದ ವಾಯಿದೆಯಲ್ಲಿ ಕಾರ್ಖಾನೆಯ ಬಾಗಿಲಲ್ಲಿ ಹೆಂಗಸರನ್ನು ತಡವಿ ನೋಡುವ ಸಂಜೆಯ ತಪಾಸಣೆಯ ಬಗ್ಗೆ ಕೇಳಿ ಪೆನ್ನು ಕೆಳಗಿಟ್ಟರು, ದಿನಾನೂನಾ, ದಿನಾನೂ ಸಾರ್, ಎಲ್ಲರನ್ನೂನಾ, ಎಲ್ಲರನ್ನೂ ಸಾರ್, ಎಂದಳು ಸುಭದ್ರ, ತಪಾಸಣೆಯವಳು, ತನ್ನ ಮುಖ್ಯ ಸಾಕ್ಷಿ, ಮಳೆ ಬರುತ್ತಾ ಎಂದು ಕೇಳಿದವರಿಗೆ ಹೇಳುವ ದನಿಯಲ್ಲಿ. ಅದೇ ದನಿಯಲ್ಲಿ ಉಳಿದದ್ದೂ, ಸೊಂಟದ ಹತ್ರ ಉಬ್ಬಿತ್ತು, ಕೈ ಹಾಕ್ದೆ, ಪೊಟ್ಟಣ ಸಿಕ್ತು, ಓಮನ ಏನೂ ಮಾತಾಡ್ಲಿಲ್ಲ. ಕಂಠಪಾಠವಾಗಿತ್ತು, ಜಲಜಾಗೇ ಕಿವಿ ಚುಚ್ಚುವಷ್ಟು. ಹೇಳುವಾಗ ಸುಭದ್ರ ಬಾಗಿಲ ಕಡೆ ಯಾಕೆ ನೋಡುತ್ತಿದ್ದಳು, ಬಾಗಿಲಲ್ಲಿ ಮ್ಯಾನೇಜರ್ ಗೋಪಕುಮಾರ್ ನಿಂತಿದ್ದ, ಮಡಿಸಿದ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ. ಬೆನ್ಸಿಗರ್ ಕೇಳಿದ್ದು ಎರಡೇ ಪ್ರಶ್ನೆ, ಪೊಟ್ಟಣ ಬಿಚ್ಚಿದ್ದು ಯಾರು, ಗೋಪಕುಮಾರ್ ಸಾರ್, ಎಲ್ಲಿ ಬಿಚ್ಚಿದ್ದು, ಸಾರ್ ರೂಮಲ್ಲಿ, ಅಷ್ಟೇ, ಕೂತುಬಿಟ್ಟ, ಏಲಕ್ಕಿ ಅಗಿಯತೊಡಗಿದ. ಮುಖ್ಯ ಸಾಕ್ಷಿಗೆ ಎರಡು ಪ್ರಶ್ನೆ. ಎದುರಾಳಿ ಕೂಗಾಡಿದರೆ ಅವನ ಬಳಿ ಏನೂ ಇಲ್ಲ, ಸುಮ್ಮನೆ ಕೂತರೆ ಎಲ್ಲೋ ಏನೋ ಇಟ್ಟಿದ್ದಾನೆ. ಗೋಪಕುಮಾರನ ಕೋಣೆ ಎಲ್ಲಿದೆ, ಅವಳು ಹೋಗಿದ್ದಾಳೆ, ಕಾರ್ಖಾನೆಯ ಮುಂಭಾಗದಲ್ಲಿ, ಬೀಜಗಳನ್ನು ಆರಿಸಿ ದರ್ಜೆ ಮಾಡುವ ಬಿಳಿ ಗೋಡೆಯ ಹಜಾರದ ಪಕ್ಕ, ಅಲ್ಲಿ ಹೆಂಗಸರು ಉದ್ದ ಮೇಜುಗಳ ಮುಂದೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿರುತ್ತಾರೆ, ಆಸ್ಪತ್ರೆಯ ಹಾಗೆ, ಓಮನಳಂಥವರು ಅಲ್ಲಿಗೆ ಬರುವುದಿಲ್ಲ, ಅವರದು ಹಿಂದಿನ ಶೆಡ್ಡು, ಹುರಿದ ಕಾಯಿಯನ್ನು ಮರದ ಕೊಡತಿಯಿಂದ ಒಡೆಯುವವರು, ಹೊಗೆ, ಬೂದಿ, ಚರ್ಮ ಸುಡುವ ಕರಿ ಎಣ್ಣೆ — ಸುಭದ್ರಳ ಸಾಕ್ಷ್ಯದ ದಿನ ಇದೇ ಕೋರ್ಟಿನಲ್ಲಿ ಮುದ್ರೆ ಬಿಚ್ಚಿ ಪೊಟ್ಟಣ ತೆರೆದಾಗ ಕಿಟಕಿಯ ಬೆಳಕು ನೇರ ಅದರ ಮೇಲೆ ಬಿತ್ತು, ಬೀಜಗಳು ಇಡಿಯಾಗಿದ್ದವು, ಒಳ್ಳೆಯ ದರ್ಜೆ, ಓಣಂ ಹಬ್ಬಕ್ಕೆ ಪ್ರತಾಪನ್ ಜಲಜಾಳ ಮನೆಗೆ ಕಳಿಸುವ ಡಬ್ಬಿಯಲ್ಲಿರುವಂಥವೇ, ಸೊಸೆ ತುಪ್ಪದಲ್ಲಿ ಹುರಿದು ಪಾಯಸಕ್ಕೆ ಹಾಕುವಂಥವು, ಅನ್ನದಲ್ಲಿ ಕಲ್ಲು ಕಚ್ಚಿದ ಹಾಗೆ ಏನೋ ಒಂದು ಕಚ್ಚಿತು, ಏನು ಎಂದು ನೋಡುವಷ್ಟರಲ್ಲಿ ಗುಮಾಸ್ತರು ಪೊಟ್ಟಣ ಕಟ್ಟಿ ಅರಗು ಸುರಿದಿದ್ದರು.

ಓಮನ, ಓಮನ, ಓಮನ, ಎಂದು ಜವಾನ ಹೊರಗೆ ಮುಖ ಮಾಡಿ ಕೂಗಿದ, ಅವಳು ಒಳಗೇ ಕೂತಿದ್ದಳು, ಇಲ್ಲೇ ಇದ್ದೀನಪ್ಪಾ, ಬಂದರಿನವರೆಗೂ ಕೂಗ್ಬೇಡ, ಎಂದು ಎದ್ದಳು, ಹಿಂದಿನ ಬೆಂಚಿನಲ್ಲಿ ನಗು, ನಗುವವರು ಅವಳ ಜೊತೆಯ ಹೆಂಗಸರೇ, ನಾಲ್ಕೈದು ಜನ, ಪ್ರತಿ ವಾಯಿದೆಗೂ ಬರುತ್ತಾರೆ, ಕೆಲಸ ಬಿಟ್ಟು ಬರಲು ಇವರಿಗೆ ಬಸ್ಸಿನ ದುಡ್ಡು ಕೊಡುವವರು ಯಾರು. ಕಟಕಟೆಯಲ್ಲಿ ನಿಂತವಳನ್ನು ಜಲಜಾ ನೋಡಿದಳು, ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಮುಖ, ಇದು ಅವಳ ಪದ್ಧತಿ, ಮುಖಕ್ಕೆ ಎಲ್ಲರೂ ತಯಾರಿ ಮಾಡಿಕೊಂಡು ಬರುತ್ತಾರೆ. ಕಾಲಿನಲ್ಲಿ ಹೊಸ ರಬ್ಬರ್ ಚಪ್ಪಲಿ. ಕೈ ಕಾಣಲಿಲ್ಲ. ಎರಡೂ ಕೈಗಳ ಮೇಲೆ ಒಗೆದ ತೆಳು ಟವೆಲ್ಲು ಹೊದೆಸಿ, ದೇವರ ಮುಂದೆ ಹಣ್ಣುಕಾಯಿ ಹಿಡಿದವಳ ಹಾಗೆ ನಿಂತಿದ್ದಾಳೆ. ಅದರಡಿ ಏನಿದೆ, ಚೀಟಿಯೇ, ಬೆನ್ಸಿಗರ್ ಬರೆದುಕೊಟ್ಟ ಉತ್ತರಗಳೇ, ಓದಲು ಬರುವವಳೇ ಇವಳು, ಪತ್ರಿಕೆ ಓದುತ್ತಾಳೆ ಎಂದು ಗೋಪಕುಮಾರ್ ಹೇಳಿದ್ದ, ಅದನ್ನೇ ಒಂದು ದೂರಿನ ಹಾಗೆ. ಹೆಂಗಸರನ್ನ ಹೆಂಗಸೇ ಕೇಳಿದ್ರೆ ಕೋರ್ಟಿಗೆ ಕಸಿವಿಸಿ ಆಗಲ್ಲ ಮೇಡಂ, ಅದಕ್ಕೆ ನೀವೇ ಬೇಕು, ಎಂದು ಪ್ರತಾಪನ್ ಮೊದಲ ದಿನ ಹೇಳಿದ್ದು, ಅವಳು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡಿದ್ದು, ಆಮೇಲೆ ಉಳಿದ ಯಜಮಾನರೂ ಒಬ್ಬೊಬ್ಬರಾಗಿ ಬಂದು, ಈಗ ಅವಳ ಆಫೀಸಿನ ಕಪಾಟಿನಲ್ಲಿ ಗೋಡಂಬಿ ಫೈಲು ಬಿಟ್ಟರೆ ಬೇರೇನಿದೆ, ಈ ಒಬ್ಬ ಹೋದರೆ ಹಿಂದೆಯೇ ಎಲ್ಲರೂ ಹೋಗುತ್ತಾರೆ, ಕುರಿ ಮಂದೆ ಅದು. ಸರಿ, ಶುರು ಮಾಡು. ಆ ದಿನ ಸಂಜೆ ತಪಾಸಣೆಯ ಸಾಲಿನಲ್ಲಿ ನಿಂತಿದ್ದಿರಿ. ದಿನಾ ನಿಲ್ತಿದ್ದೆ ಮೇಡಂ. ಸುಭದ್ರಳಿಗೂ ನಿಮಗೂ ಏನೂ ದ್ವೇಷ ಇರಲಿಲ್ಲ. ಇರ್ಲಿಲ್ಲ, ಈಗ್ಲೂ ಇಲ್ಲ, ನನ್ನ ಮಗಳ ಮದುವೇಲಿ ಎಲೆ ಹಾಕಿದ್ದೇ ಅವಳು, ಸಾಕೋಕೆ ಮಕ್ಕಳು ಮೂರು ಅವಳಿಗೆ, ಕೆಲಸ ಬೇಕು. ಕೇಳಿದ್ದಕ್ಕೆ ಮಾತ್ರ ಹೇಳಿ. ಹೂಂ. ಅದಕ್ಕೆ ಮುಂಚಿನ ತಿಂಗಳು ಕಾರ್ಖಾನೆಯ ಗೇಟಿನ ಮುಂದೆ ಹೆಂಗಸರನ್ನು ಕೂರಿಸಿದ್ದು ನೀವು. ನಾನೇನು ಕೂರಿಸ್ಲಿಲ್ಲ, ನಾನು ಕೂತೆ, ಅವರೂ ಕೂತ್ರು, ಫ್ಯಾಕ್ಟರಿ ಮುಚ್ಚಿದೆ ಅಂದ್ಬಿಟ್ಟು ಕಾಯಿ ಮೂಟೆಗಳನ್ನ ಕತ್ತಲಲ್ಲಿ ಮನೆಮನೆಗೆ ಕಳಿಸ್ತಿದ್ರು, ಮನೇಲಿ ಒಡೆದ್ರೆ ಕೂಲಿ ಅರ್ಧ, ಆಸ್ಪತ್ರೆ ಚೀಟಿ ಇಲ್ಲ, ಮಕ್ಕಳ ಕಣ್ಣಿಗೆ ಹೊಗೆ, ಅದಕ್ಕೆ ಕೂತೆ, ಕೂತ ಮೇಲೆ ಬಾಗಿಲು ತೆಗೆದ್ರು. ಕೇಳಿದ್ದು ಕೂತಿರೋ ಇಲ್ಲವೋ ಅಂತ ಮಾತ್ರ. ಯಾಕೆ ಕೂತೆ ಅಂತ ಹೇಳ್ದೆ ಬರೀ ಕೂತೆ ಅಂದ್ರೆ ಕಾಲು ನೋವಿಗೆ ಕೂತ ಹಾಗಾಗುತ್ತಲ್ಲ ಮೇಡಂ. ಹಿಂದಿನ ಬೆಂಚು ಮತ್ತೆ ನಕ್ಕಿತು, ನ್ಯಾಯಾಧೀಶರ ಮೀಸೆಯೂ ಸ್ವಲ್ಪ ಅಲ್ಲಾಡಿತು, ಬೆನ್ಸಿಗರ್ ಮಾತ್ರ ನಗಲಿಲ್ಲ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲೆ ಅಡ್ಡ ಇಟ್ಟ, ಬರೆದುಕೊಳ್ಳುತ್ತಿಲ್ಲ, ಏನೋ ಬರಲಿದೆ ಎಂದು ಕಾಯುತ್ತಿದ್ದಾನೆ, ಮನೆಯ ಗಡಿಯಾರ ಹೊಡೆಯುವ ಮುಂಚೆ ಕ್ಷಣ ಎಣಿಸುವವರ ಹಾಗೆ.

ಓಮನ ಕೆಮ್ಮಿದಳು, ಸ್ವಲ್ಪ ನೀರು ಕೊಡ್ತೀರಾ ಸಾರ್, ಒಡೆದೂ ಒಡೆದೂ ಗಂಟಲು ಒಣಗಿದೆ, ಎಂದಳು, ಜವಾನ ಸ್ಟೀಲ್ ಲೋಟ ಚಾಚಿದ, ಟವೆಲ್ಲಿನ ಅಡಿಯಿಂದ ಬಲಗೈ ಹೊರಬಂತು — ಬೆರಳ ತುದಿಯಿಂದ ಎರಡನೆಯ ಗೆಣ್ಣಿನವರೆಗೆ ಕರಿ. ನೇರಳೆ ಹಣ್ಣು ತಿಂದ ಮಗುವಿನ ಬಾಯಿಯ ಕರಿಯಲ್ಲ, ಹಂಚಿನ ತಳದ ಕರಿ, ಉಗುರಿನ ಸುತ್ತ ಬಿರುಕುಗಳಲ್ಲಿ ಕೂತ ಕರಿ, ಮೇಲೆ ತೆಂಗಿನೆಣ್ಣೆಯ ಹೊಳಪು, ಕೋರ್ಟಿಗೆ ಬರುತ್ತೇನೆಂದು ಉಜ್ಜಿದ್ದಾಳೆ, ತೆಂಗಿನೆಣ್ಣೆ ಉಜ್ಜಿದರೆ ಕರಿ ಸಡಿಲವಾಗುತ್ತದೆ, ಹೋಗುವುದಿಲ್ಲ, ಈ ಊರಲ್ಲಿ ಹುಟ್ಟಿದವರಿಗೆ ಯಾರಿಗೆ ಗೊತ್ತಿಲ್ಲ, ಕೊಟ್ಟಿಯಂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಕೈಗಳು, ಮದುವೆಯ ಫೋಟೋದಲ್ಲಿ ಸೆರಗಿನ ಹಿಂದೆ ಹೋಗುವ ಕೈಗಳು, ಪ್ರಸಾದಕ್ಕೆ ಬೆರಳು ಮಡಿಸಿ ಅಂಗೈ ಮಾತ್ರ ಚಾಚುವ ಕೈಗಳು. ಗೊತ್ತಿರುವುದು ಇನ್ನೊಂದೂ ಇದೆ, ಕೊಡತಿ ಬಿಟ್ಟವರ ಕೈ ಎರಡು ಅಮಾವಾಸ್ಯೆ ಕಳೆಯುವುದರೊಳಗೆ ತಿಳಿಯಾಗುತ್ತದೆ, ಹಳೆ ಚರ್ಮ ಸುಲಿದು ಹೊಸದು ಬರುತ್ತದೆ, ಇವಳನ್ನು ತೆಗೆದು ನಾಲ್ಕು ವರ್ಷ. ಒಡೆದೂ ಒಡೆದೂ ಎಂದಳಲ್ಲವೇ ಈಗ, ತಾನು ಕೇಳಿಸಿಕೊಂಡಳೇ, ನ್ಯಾಯಾಧೀಶರು ಕೇಳಿಸಿಕೊಂಡರೇ, ಇಲ್ಲ, ಅವರು ಹಾಳೆ ತಿರುಗಿಸುತ್ತಿದ್ದಾರೆ. ಇವಳು ಈಗಲೂ ಕಾಯಿ ಒಡೆಯುತ್ತಿದ್ದಾಳೆ. ಎಲ್ಲಿ. ಕಳ್ಳಿ ಎಂದು ಹೊರಹಾಕಿದವಳನ್ನು ಯಾವ ಕಾರ್ಖಾನೆ ಸೇರಿಸಿಕೊಳ್ಳುತ್ತದೆ, ಯಜಮಾನರು ಇಂಥ ಹೆಸರುಗಳನ್ನು ಮದುವೆ ಮನೆಯಲ್ಲೇ ಹಂಚಿಕೊಳ್ಳುತ್ತಾರೆ, ಹಾಗಾದರೆ ಮನೆಯಲ್ಲಿ, ಮನೆಯಲ್ಲಿ ಎಂದರೆ ಮೂಟೆ, ಅವಳ ಓಣಿಗೆ ಹೋಗುವ ಮೂಟೆ ಯಾರದು, ಆ ಕಡೆಯಲ್ಲಿ ಬೇರೆ ಯಾರ ಟೆಂಪೋ ಓಡುತ್ತದೆ — ಆ ಪ್ರಶ್ನೆ ಬೇಡ ಮೇಡಂ. ಪಾಪ, ಗಂಡ ಇಲ್ಲದ ಹೆಂಗಸು. ನೆರಿಗೆ ಮತ್ತೆ ಜಾರಿದ ಹಾಗಾಯಿತು, ಆದರೆ ಈಗ ಉಟ್ಟ ಸೀರೆ ಭದ್ರವಾಗಿದೆ, ಮೇಲೆ ಕರಿಕೋಟು. ಬೀಜ ಕದ್ದಳೆಂದು ಹೊರಹಾಕಿದವಳ ಮನೆಗೇ ಮೂಟೆಗಟ್ಟಲೆ ಕಾಯಿ ಇಳಿಸುತ್ತಾನೆ, ಅಲ್ಲಿ ತಪಾಸಣೆಗೆ ಸುಭದ್ರ ಇಲ್ಲ, ಗೇಟಿಲ್ಲ, ಅವಳು ಒಡೆದು ಕೊಟ್ಟಷ್ಟನ್ನು ತೂಗಿ ಒಯ್ಯುತ್ತಾನೆ, ನಾಲ್ಕು ವರ್ಷ, ಒಂದು ಬೀಜ ಕಮ್ಮಿ ಬಂದಿದ್ದರೆ ಬಿಡುವವನೇ. ಯಾವುದನ್ನು ಬೇಡವೆಂದು ಕೂತಳೋ ಅದನ್ನೇ ಅವಳ ಅಂಗಳಕ್ಕೆ ತಂದು ಇಳಿಸಿದ್ದಾನೆ. ಮನೆಗಳಲ್ಲಿ ಕಾಯಿ ಒಡೆಸುವ ಪದ್ಧತಿ ನಮ್ಮ ಕಕ್ಷಿದಾರರಲ್ಲಿ ಎಂದೂ ಇಲ್ಲ, ಈ ವಾಕ್ಯ ಯಾರದು, ತನ್ನದೇ, ಹೋದ ವರ್ಷ ಕಾರ್ಮಿಕ ಇಲಾಖೆಯ ತಪಾಸಣಾಧಿಕಾರಿಯ ಮುಂದೆ, ಇದೇ ಕೋಟಿನಲ್ಲಿ, ಎಂದೂ ಎಂಬ ಮಾತನ್ನು ಒತ್ತಿ ಹೇಳಿದ್ದಳು.

ಹಾಗಾದರೆ ಬಲೆ ಅದು. ಬೆನ್ಸಿಗರನ ಪೆನ್ನಿನ ಮುಚ್ಚಳ ಅದಕ್ಕೇ. ಆ ಟವೆಲ್ಲು ಅದಕ್ಕೇ. ಇಷ್ಟು ವರ್ಷಗಳಿಂದ ತಾನು ಕೊನೆಗೆ ಕೇಳುವ ಪ್ರಶ್ನೆ ಅವನಿಗೆ ಬಾಯಿಪಾಠ, ಈಗ ಎಲ್ಲಿ ಕೆಲಸ ಮಾಡುತ್ತಿದ್ದೀರಿ, ಕೇಳು ಚೇಚಿ ಕೇಳು, ಎಂದು ಏಲಕ್ಕಿ ಅಗಿಯುತ್ತಿದ್ದಾನೆ, ಕೇಳಿದ ತಕ್ಷಣ ಟವೆಲ್ಲು ಸರಿಯುತ್ತದೆ, ನಿಮ್ಮ ಮುದಲಾಳಿಯ ಮೂಟೆಯೇ ಮೇಡಂ, ಎನ್ನುತ್ತಾಳೆ, ಅವನು ಬಾಯಿ ತೆರೆಯಬೇಕಾಗಿಯೂ ಇಲ್ಲ, ತನ್ನ ಬಾಯಿಂದಲೇ ತನ್ನ ಕೇಸು. ಪ್ರತಾಪನ್‌ಗೆ ಗೊತ್ತಿತ್ತು, ತನಗೆ ಹೇಳಲಿಲ್ಲ, ಬೇಡ ಎಂದ, ಯಾಕೆ ಎಂದು ಹೇಳಲಿಲ್ಲ, ಮನೆಯ ಕೆಲಸದವರಿಗೆ ಹೇಳುವ ಹಾಗೆ, ಆ ಕೋಣೆ ಗುಡಿಸಬೇಡ. ನಾಲಿಗೆಯ ತುದಿಯಲ್ಲಿದೆ ಪ್ರಶ್ನೆ, ಅಭ್ಯಾಸ, ಅದು ತಾನಾಗಿಯೇ ಹೊರಬಂದುಬಿಟ್ಟರೆ, ಜಲಜಾ ತುಟಿ ಕಚ್ಚಿಕೊಂಡಳು. ಕೇಳುವುದಿಲ್ಲ. ಕೇಳಿದರೆ ಈ ಹೆಂಗಸಿಗೆ ಅವಳ ಜಾಗ ಸಿಗುತ್ತದೆ, ಕೇಳದಿದ್ದರೆ — ಅದು ನನ್ನ ಕೆಲಸವಲ್ಲ, ಅವಳಿಗೊಬ್ಬ ವಕೀಲನಿದ್ದಾನೆ, ಅವನು ಕೇಳಲಿ, ಮರು ವಿಚಾರಣೆಗೆ ನಾನು ದಾರಿ ಬಿಟ್ಟರೆ ತಾನೇ ಕೇಳುವುದು. ಇನ್ನೇನಾದರೂ ಇದೆಯಾ ಮೇಡಂ, ಎಂದರು ನ್ಯಾಯಾಧೀಶರು. ಇದೆ ಎಂದಿತು ಅವಳ ಬಾಯಿ. ಏನಿದೆ. ಕಾಲು ನೋವಿಗೆ ಕೂತ ಮಾತಿನ ಮೇಲೆ ಮುಗಿಸಬಾರದು, ನಗುವಿನ ಮೇಲೆ ಕೂತ ವಕೀಲೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಉಣ್ಣಿತ್ತಾನ್ ಸಾರ್ ಹೇಳುತ್ತಿದ್ದರು, ಗಟ್ಟಿ ನೆಲದ ಮೇಲೆ ಕಾಲಿಟ್ಟು ನಿಲ್ಲು. ಗಟ್ಟಿ ನೆಲ ಯಾವುದು, ಪೊಟ್ಟಣ. ಪೊಟ್ಟಣ ಇವಳಿಗೆ ತೋರಿಸಿಲ್ಲ. ಅಯ್ಯೋ, ತೋರಿಸಿಯೇ ಇಲ್ಲ, ಸುಭದ್ರಳ ಮೂಲಕ ಗುರುತು ಹಾಕಿಸಿದ್ದಾಯಿತು, ಆರೋಪ ಹೊತ್ತವಳ ಮುಂದೆ ಇಡದೆ ಬಿಟ್ಟರೆ ವಾದದ ದಿನ ಬೆನ್ಸಿಗರ್ ಎದ್ದು, ಕದ್ದ ಮಾಲು ಎಂದವರು ಅದನ್ನು ಕದ್ದವಳಿಗೇ ತೋರಿಸಲಿಲ್ಲ ಸಾರ್, ಎನ್ನುತ್ತಾನೆ, ಅದಕ್ಕೇ ಅವನು ಅವತ್ತು ಎರಡೇ ಪ್ರಶ್ನೆಗೆ ಕೂತದ್ದು, ಆ ಬಿರುಕಿನ ಮೇಲೆ ಕಣ್ಣಿಟ್ಟಿದ್ದಾನೆ, ಮುಚ್ಚು ಅದನ್ನು, ಈಗಲೇ. ವಶಪಡಿಸಿಕೊಂಡ ಬೀಜಗಳನ್ನು ಸಾಕ್ಷಿಗೆ ತೋರಿಸಬೇಕು ಸಾರ್, ಎಂದಳು, ದನಿ ಸ್ಥಿರವಾಗಿತ್ತು, ಅದಕ್ಕೆ ಅವಳಿಗೇ ಸಮಾಧಾನವಾಯಿತು. ಬೆನ್ಸಿಗರ್ ಅಗಿಯುವುದನ್ನು ನಿಲ್ಲಿಸಿದ. ಅಷ್ಟೇ, ಬೇರೇನೂ ಮಾಡಲಿಲ್ಲ, ಅಗಿಯುವುದನ್ನು ನಿಲ್ಲಿಸಿದ, ಸಿಕ್ಕಿಬಿದ್ದ ಎಂದುಕೊಂಡಳು ಜಲಜಾ.

ಬೀರು ಕಿರುಗುಟ್ಟಿತು, ಗುಮಾಸ್ತರು ಪೊಟ್ಟಣವನ್ನು ತೋಳಿನಷ್ಟು ದೂರ ಹಿಡಿದು ತಂದರು, ಇರುವೆ ಸಾರ್, ಒದರಿ ಒದರಿ, ಅಲ್ಲಲ್ಲ ಒದರಬೇಡಿ, ಸಾಕ್ಷ್ಯ ಅದು, ಜವಾನ ಊಟದ ಡಬ್ಬಿಯ ಮುಚ್ಚಳ ಒರೆಸಿ ಕೊಟ್ಟ, ಅರಗು ಮುರಿಯಿತು, ಬಟ್ಟೆ ಬಿಚ್ಚಿತು, ಒಳಗಿನ ಪ್ಲಾಸ್ಟಿಕ್ ಚೀಲದ ಮೂಲೆಯಲ್ಲಿ ಇರುವೆ ಕೊರೆದ ಸೂಜಿಯಷ್ಟು ತೂತು, ಬೀಜಗಳು ಸ್ಟೀಲಿನ ಮುಚ್ಚಳದ ಮೇಲೆ 'ಟಪಟಪ' ಬಿದ್ದವು, ಬಿಳಿ, ಕಿಟಕಿಯ ಬೆಳಕು ಮತ್ತೆ ಅವುಗಳ ಮೇಲೆ, ಎಲ್ಲವೂ ಬಿಳಿ, ಹಾಲುಹಲ್ಲಿನ ಹಾಗೆ, ಅಂದು ಕಚ್ಚಿದ ಕಲ್ಲು ಮತ್ತೆ ಕಚ್ಚಿತು, ಈ ಸಲ ಉಗುಳಲು ಆಗಲಿಲ್ಲ. ಇವು ನಿಮ್ಮ ಸೊಂಟದಲ್ಲಿ ಸಿಕ್ಕ ಬೀಜಗಳು, ಹೌದಾ, ಎಂದು ಕೇಳಬೇಕಿತ್ತು, ಕೇಳಿದಳೂ ಇರಬೇಕು, ಏಕೆಂದರೆ ಓಮನ ಮುಂದಕ್ಕೆ ಬಾಗಿ ನೋಡುತ್ತಿದ್ದಳು, ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ನೋಡುವ ಹಾಗೆ. ಇದಾ. ಇದನ್ನಾ ನಾನು ಕದ್ದಿದ್ದು. ನಾಲ್ಕು ವರ್ಷದಿಂದ ಹೊತ್ಕೊಂಡು ತಿರುಗ್ತಿದ್ದೀನಿ, ಮುಖ ನೋಡ್ತಿರೋದು ಇವತ್ತೇ. ಅವತ್ತು ಇದನ್ನ ನನಗೆ ಯಾರೂ ತೋರಿಸ್ಲಿಲ್ಲ ಸಾರ್, ಪೊಟ್ಟಣ ಅಂದ್ರು, ರೂಮಿಗೆ ತಗೊಂಡ್ಹೋದ್ರು, ಬಾಗಿಲು ಹಾಕಿದ್ರು. ಗುರುತು ಸಿಗುತ್ತಾ ಇಲ್ವಾ, ಎಂದರು ನ್ಯಾಯಾಧೀಶರು. ಮುಟ್ಲಾ ಸಾರ್. ಮುಟ್ಟಿ ನೋಡಿ. ಮುಟ್ಟು ಅಂದಿದ್ದು ನೀವು, ಆಮೇಲೆ ನನ್ನ ಮೇಲೆ ಬರಬಾರ್ದು, ಮೇಡಂ ನಿಮಗೂ ಹೇಳಿದ್ದೀನಿ. ಬೇಡ ಎನ್ನಬೇಕು ಈಗ, ಆಕ್ಷೇಪಣೆ ಇದೆ ಎನ್ನಬೇಕು, ಯಾವುದಕ್ಕೆ ಆಕ್ಷೇಪಣೆ, ತಾನೇ ತರಿಸಿದ ಪೊಟ್ಟಣಕ್ಕೆ, ಟವೆಲ್ಲು ಕಟಕಟೆಯ ಅಡ್ಡಪಟ್ಟಿಯ ಮೇಲೆ ಕೂತಿತು, ಎರಡೂ ಕೈ ಹೊರಗಿವೆ, ಹಿಂದಿನ ಬೆಂಚಿನಲ್ಲಿ ಯಾರೂ ನಗುತ್ತಿಲ್ಲ, ಕರಿಯ ಹೆಬ್ಬೆರಳು, ಕರಿಯ ತೋರುಬೆರಳು, ತೆಂಗಿನೆಣ್ಣೆಯ ಹೊಳಪು, ಒಂದು ಬೀಜವನ್ನು ಎತ್ತಿಕೊಂಡವು, ಬೆಳಕಿಗೆ ತಿರುಗಿಸಿ, ಇದನ್ನ ಅಂಗಡಿ ಗಾಜಿನ ಆಚೆಗೆ ನೋಡಿದ್ದೀನಿ ಸಾರ್, ನಮ್ಮ ಶೆಡ್ಡಲ್ಲಿ ಬೀಜ ಇಷ್ಟು ಬೆಳ್ಳಗಿರಲ್ಲ, ಕೆಂಪು ಸಿಪ್ಪೆ ಇರುತ್ತೆ, ನಮ್ಮ ಕೈಯಿಂದ ಹೋದ್ಮೇಲೆ ಯಾರೋ ಬೆಳ್ಳಗೆ ಮಾಡ್ತಾರೆ, ಅಲ್ಲಿಗೆ ನಮ್ಮನ್ನ ಬಿಡಲ್ಲ, ಎಂದು ಅದನ್ನು ಮತ್ತೆ ಉಳಿದವುಗಳ ನಡುವೆ ಇಟ್ಟಳು, ಮೆಲ್ಲಗೆ, ಮೊಟ್ಟೆ ಇಡುವ ಹಾಗೆ.

ಇದೇನು, ಎಂದರು ನ್ಯಾಯಾಧೀಶರು, ಕುರ್ಚಿಯಿಂದ ಅರ್ಧ ಎದ್ದು. ಬೆನ್ಸಿಗರ್ ಏಳಲಿಲ್ಲ, ಅವನ ಬಾಯಿ ಸ್ವಲ್ಪ ತೆರೆದಿದೆ, ಗೆದ್ದವನ ಮುಖವಲ್ಲ ಅದು, ಈಗ ತಾನೇ ನೋಡಿದವನ ಮುಖ, ಅವನಿಗೆ ಗೊತ್ತಿರಲಿಲ್ಲ, ಪೊಟ್ಟಣದ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ, ಅವನು ಕಾಯುತ್ತಿದ್ದದ್ದು ಆ ಇನ್ನೊಂದು ಪ್ರಶ್ನೆಗೆ, ಹಾಗಾದರೆ ಈ ಬಲೆ ಯಾರದು, ಪೊಟ್ಟಣ ತರಿಸಿ ಎಂದ ದನಿ ಅಷ್ಟು ಸ್ಥಿರವಾಗಿದ್ದುದು ಯಾಕೆ, ಗೋಪಕುಮಾರ್ ಪಕ್ಕದ ಹಜಾರಕ್ಕೆ ಕೈ ಚಾಚಿ ಸಿಕ್ಕಿದ್ದನ್ನು ಕಟ್ಟಿದ, ಅವನ ಕೈಗೆ ಸಿಗುವ ಗೋಡಂಬಿ ಬಿಳಿಯದು, ಪ್ರತಾಪನ್ ಡಬ್ಬಿಯ ಗೋಡಂಬಿ ಬಿಳಿಯದು, ಪಾಯಸದ್ದು ಬಿಳಿಯದು, ಆರೋಪಪತ್ರ ಸಿದ್ಧಮಾಡಿದ ತನ್ನದೂ, ಬಣ್ಣ ಯಾವುದು ಎಂದು ಕೇಳಬೇಕೆಂದೇ ತೋಚದಷ್ಟು ಬಿಳಿಯದು, ತೋಚಿರಲಿಲ್ಲವೇ, ಇರುವೆಯ ಹಿಂದೆ ಕಣ್ಣು ಹೋಗಿದ್ದು ಯಾಕೆ ಹಾಗಾದರೆ, ಮೇಡಂ ನಿಮ್ಮನ್ನೇ ಕೇಳಿದ್ದು, ಎನ್ನುತ್ತಿದ್ದಾರೆ, ಉಳಿದವುಗಳ ಮೇಲೆ ಯಾಕಿಲ್ಲ ಈ ಕಲೆ, ಉತ್ತರ ಜೇಬಿನಲ್ಲಿರಬೇಕು, ಜೇಬಿನಲ್ಲಿ ಫೋನು ನಡುಗುತ್ತಿದೆ, ಮುದಲಾಳಿಯದು, ನಡುಗಲಿ, ಸ್ಟೀಲಿನ ಮುಚ್ಚಳ, ಕಿಟಕಿಯ ಬೆಳಕು, ಬಿಳಿ, ಬಿಳಿ, ಬಿಳಿ, ಅವುಗಳ ನಡುವೆ ಒಂದು, ಒಂದರ ಮೇಲೆ ಮಾತ್ರ, ಎಣ್ಣೆ ಇನ್ನೂ ಆರದ, ಕರಿ ಹೆಬ್ಬೆರಳ ಅಚ್ಚು.